ಗುಂಡಿಯೂ ಬೇಕು, ಟಚ್ಚೂ ಬೇಕು: ಚಿಕ್ಕ ಫೋನನ್ನ ಅಳೆಯೋದು ಹೇಗೆ?

ಡಿಸೆಂಬರ್ ರಜೆ ಹತ್ತಿರ ಬಂತು ಅಂದ್ರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಫ್ಲೈಟ್ ಟಿಕೆಟ್ ಮಾತಿನ ಜೊತೆಗೆ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತೆ. "ಅಜ್ಜಿಗೆ ಒಂದು ಫೋನ್ ಬೇಕು. ಒತ್ತೋ ಗುಂಡಿ ಇರಬೇಕು, ಟಚ್ಚೂ ಇರಬೇಕು, ಚಿಕ್ಕದಿರಬೇಕು, ನೂರು ಡಾಲರ್ ದಾಟಬಾರದು. ಯಾವುದು ತಗೊಳ್ಲಿ?" ಇತ್ತೀಚೆಗೆ ಇದೇ ಪ್ರಶ್ನೆಯನ್ನ ಕೆಲವರು ತಮಗೋಸ್ಕರವೇ ಕೇಳ್ತಿದ್ದಾರೆ. ಮಿಡ್‌ಟರ್ಮ್ ಮುಗಿಯೋವರೆಗಾದ್ರೂ ದೊಡ್ಡ ಫೋನನ್ನ ಡ್ರಾಯರ್‌ನಲ್ಲಿಟ್ಟು, ಕರೆ ಮತ್ತು ಸಂದೇಶಕ್ಕೆ ಮಾತ್ರ ಒಂದು ಪುಟ್ಟದ್ದನ್ನ ಜೇಬಲ್ಲಿಟ್ಟುಕೊಳ್ಳೋಣ ಅನ್ನೋ ಆಸೆ. ಎರಡಕ್ಕೂ ಬರೋ ಉತ್ತರ ಮಾತ್ರ ಒಂದೇ ಥರ: ಒಂದು ಲಿಂಕು, ಕೆಳಗೆ "ಚೆನ್ನಾಗಿದೆಯಂತೆ".

ಈ "ಅಂತೆ" ಸಾಕಾಗಲ್ಲ ಅನ್ನಿಸಿ, ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಓದಿ ಬಂದ ನಾವು ಕೆಲವರು ಮೂರು ಫೋನ್ ಮುಂದಿಟ್ಟುಕೊಂಡು ಕೂತ್ವಿ. ಒಂದು 2007ರ ಪಾಮ್ ಸೆಂಟ್ರೋ. ಇನ್ನೊಂದು 2010ರ ನೋಕಿಯಾ ಎಕ್ಸ್3-02. ಮೂರನೆಯದು 2021ರಲ್ಲಿ ಇಲ್ಲಿ ಟಿ-ಮೊಬೈಲ್ ಮಾರಿದ ಕ್ಯಾಟ್ ಎಸ್22 ಫ್ಲಿಪ್. ಮೂರರಲ್ಲೂ ಟಚ್ ಪರದೆ ಇದೆ, ಮೂರರಲ್ಲೂ ನಿಜವಾದ ಗುಂಡಿಗಳಿವೆ, ಮೂರೂ ತಮ್ಮ ಕಾಲಕ್ಕೆ ಕಡಿಮೆ ಬೆಲೆಯವೇ. ಯಾವುದು ಗೆದ್ದಿತು ಅನ್ನೋದಕ್ಕಿಂತ, ಅಳೆಯೋ ಕೋಲು ಯಾವುದಿರಬೇಕು ಅನ್ನೋದು ನಮಗೆ ಮುಖ್ಯವಾಯ್ತು.

ಮೊದಲು ಸೆಂಟ್ರೋ, ಯಾಕಂದ್ರೆ ಅದು ನಮ್ಮ ಪಕ್ಕದ ಮನೇದು. ಪಾಮ್ ಕಂಪನಿ ಇದ್ದದ್ದು ಸನ್ನಿವೇಲ್‌ನ ಮಾಡ್ ಅವೆನ್ಯೂನಲ್ಲಿ. ಈಗ ಇಂಟರ್ನ್‌ಶಿಪ್‌ಗೆ ಅಂತ ನಮ್ಮಲ್ಲಿ ಎಷ್ಟೋ ಜನ ದಿನಾ ಓಡಾಡೋ ಬೀದಿ ಅದು. ಕಂಪನಿ ಕಟ್ಟಿದ ಜೆಫ್ ಹಾಕಿನ್ಸ್ ಮೊದಲ ಪಾಮ್‌ಪೈಲಟ್ ಮಾಡೋದಕ್ಕೂ ಮುಂಚೆ ಅದೇ ಅಳತೆಯ ಒಂದು ಮರದ ತುಂಡನ್ನ ಅಂಗಿ ಜೇಬಿನಲ್ಲಿಟ್ಟುಕೊಂಡು ತಿರುಗಾಡ್ತಿದ್ದರು. ಯಾರಾದ್ರೂ ಮೀಟಿಂಗ್‌ಗೆ ಕರೆದ್ರೆ ಆ ಮರದ ತುಂಡನ್ನೇ ಹೊರಗೆ ತೆಗೆದು ಕ್ಯಾಲೆಂಡರ್ ನೋಡೋ ಹಾಗೆ ನಟಿಸ್ತಿದ್ದರಂತೆ. ಆ ಮರದ ಮಾದರಿ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಇನ್ನೂ ನೋಡದೇ ಇದ್ದವರು ಒಂದು ಶನಿವಾರ ಹೋಗಿ ಬನ್ನಿ. ಪ್ರಾಡಕ್ಟ್ ಡಿಸೈನ್ ಬಗ್ಗೆ ಅರ್ಧ ಸೆಮಿಸ್ಟರ್ ಕೇಳೋ ಪಾಠ ಆ ಗಾಜಿನ ಹಿಂದೆ ಇದೆ. ಜೇಬಿಗೆ ಸೇರುತ್ತಾ, ಕೈಗೆ ಕೂರುತ್ತಾ, ತೆಗೆಯೋದಕ್ಕೆ ಎಷ್ಟು ಹೊತ್ತು ಬೇಕು ಅನ್ನೋದು ಚಿಪ್‌ಗಿಂತ ಮೊದಲು ತೀರ್ಮಾನ ಆಗಬೇಕಾದ ವಿಷಯ.

ಐಫೋನ್ ಬಂದದ್ದು 2007ರ ಜೂನ್‌ನಲ್ಲಿ, 499 ಮತ್ತು 599 ಡಾಲರ್‌ಗೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಪ್ರಿಂಟ್ ಮೂಲಕ ಸೆಂಟ್ರೋ ಬಂತು. ಎರಡು ವರ್ಷದ ಕರಾರಿನ ಮೇಲೆ ಬೆಲೆ 99 ಡಾಲರ್. ಒಂದು ಕಂಪನಿ ಗುಂಡಿಗಳನ್ನ ಪೂರ್ತಿ ಕಿತ್ತುಹಾಕ್ತು, ಪಕ್ಕದೂರಿನ ಇನ್ನೊಂದು ಕಂಪನಿ ಪರದೆಯ ಕೆಳಗೆ ಪೂರ್ತಿ ಕ್ವರ್ಟಿ ಕೀಲಿಮಣೆ ಇಟ್ಟು ಬೆಲೆ ಇಳಿಸ್ತು. ಸೆಂಟ್ರೋ ಪರದೆ 320 ಗುಣಿಸು 320 ಚುಕ್ಕಿಯ ಚೌಕ, ಪ್ರೊಸೆಸರ್ 312 ಮೆಗಾಹರ್ಟ್ಸ್, ವೈಫೈ ಇಲ್ಲ. ಇವತ್ತು ಈ ಸಂಖ್ಯೆ ಓದಿದ್ರೆ ನಗು ಬರುತ್ತೆ. ಆದ್ರೆ ಕೈಗೆ ತಗೊಂಡ್ರೆ ಬರಲ್ಲ. ಫೋನ್ ಪರದೆಯಲ್ಲಿ ಹೆಸರಿನ ಮೊದಲಕ್ಷರ ಒತ್ತಿದ್ರೆ ಸಾಕು, ವಿಳಾಸಪಟ್ಟಿ ಸೋಸಿ ಹೆಸರು ಮುಂದೆ ಬರುತ್ತೆ. ನಡುವಿನ ಐದು ದಿಕ್ಕಿನ ಗುಂಡಿಯಿಂದ ಕೆಳಗಿಳಿದು ಒತ್ತಿದ್ರೆ ಕರೆ ಹೋಗುತ್ತೆ. ಸದ್ದು ಅಡಗಿಸೋಕೆ ನೆತ್ತಿಯ ಮೇಲೆ ಒಂದು ಪುಟ್ಟ ಸ್ವಿಚ್, ಮೆನು ಒಳಗೆ ಹೋಗೋ ಕೆಲಸವೇ ಇಲ್ಲ.

ಇದನ್ನ ನೋಡ್ತಾ ನೋಡ್ತಾ ನಮಗೆ ಒಂದು ಅಳತೆ ಸಿಕ್ಕಿತು. ಅದಕ್ಕೆ "ಜಿಗಿತ" ಅಂತ ಹೆಸರಿಟ್ವಿ. ಒಂದು ಕೆಲಸ ಶುರುವಾಗಿ ಮುಗಿಯೋದ್ರೊಳಗೆ ಹೆಬ್ಬೆರಳು ಗುಂಡಿಯಿಂದ ಪರದೆಗೆ, ಪರದೆಯಿಂದ ಗುಂಡಿಗೆ ಎಷ್ಟು ಸಲ ಹಾರ್ತು ಅಂತ ಎಣಿಸೋದು. ಟಚ್ ಮತ್ತು ಗುಂಡಿ ಎರಡೂ ಇರೋ ಫೋನಿನ ನಿಜವಾದ ಪರೀಕ್ಷೆ ಇದು ಅಂತ ನಮ್ಮ ಅಭಿಪ್ರಾಯ. ಎರಡೂ ಇವೆ ಅನ್ನೋದು ಜಾಹೀರಾತು. ಎರಡರ ನಡುವೆ ಕೆಲಸ ಹೇಗೆ ಹಂಚಿದ್ದಾರೆ ಅನ್ನೋದು ಡಿಸೈನು. ಸೆಂಟ್ರೋದಲ್ಲಿ ಒಬ್ಬರಿಗೆ ಸಂದೇಶ ಬರೆದು ಕಳಿಸೋ ಕೆಲಸವನ್ನ ಪರದೆ ಮುಟ್ಟದೇನೇ ಮುಗಿಸಬಹುದು, ಅಂದ್ರೆ ಜಿಗಿತ ಸೊನ್ನೆ. ಟಚ್ ಬೇಕಾಗೋದು ನಿಮಗೆ ಇಷ್ಟ ಇದ್ದಾಗ ಮಾತ್ರ, ಉದ್ದದ ಪಟ್ಟಿಯಲ್ಲಿ ಒಂದನ್ನ ತಟ್ಟಿ ತೆಗೆಯೋದಕ್ಕೋ, ಕ್ಯಾಲೆಂಡರ್‌ನಲ್ಲಿ ದಿನ ಆರಿಸೋದಕ್ಕೋ.

ನೋಕಿಯಾ ಎಕ್ಸ್3-02 ಈ ಪರೀಕ್ಷೆಯಲ್ಲಿ ಎಡವುತ್ತೆ. "ಟಚ್ ಅಂಡ್ ಟೈಪ್" ಅನ್ನೋದೇ ಅದರ ಅಡ್ಡಹೆಸರು, ತೆರಿಗೆ ಬಿಟ್ಟು 125 ಯೂರೋ ಬೆಲೆ, 9.6 ಮಿಲಿಮೀಟರ್ ದಪ್ಪ, ಮುಟ್ಟಿದರೆ ತಣ್ಣಗಿನ ಲೋಹ. ನೋಡೋಕೆ ಮೂರರಲ್ಲಿ ಇದೇ ಸುಂದರಿ. ಆದ್ರೆ ದಿಕ್ಕಿನ ಗುಂಡಿಯನ್ನೇ ತೆಗೆದುಬಿಟ್ಟಿದ್ದಾರೆ. ಸಂದೇಶ ಗುಂಡಿಯಲ್ಲಿ ಬರೀಬೇಕು, ಯಾರಿಗೆ ಅಂತ ಪರದೆಯಲ್ಲಿ ಆರಿಸಬೇಕು, ಮಧ್ಯೆ ಒಂದು ಅಕ್ಷರ ತಿದ್ದಬೇಕು ಅಂದ್ರೆ ಪುಟ್ಟ ಪರದೆಯಲ್ಲಿ ಆ ಜಾಗಕ್ಕೇ ಬೆರಳಿಡಬೇಕು. ಇನ್ನೊಂದು ವಿಚಿತ್ರ ಅಂದ್ರೆ ಅಂಕಿಗಳ ಜೋಡಣೆ. ಎಲ್ಲರಿಗೂ ರೂಢಿಯಿರೋ ನಾಲ್ಕು ಸಾಲು, ಮೂರು ಕಂಬದ ಬದಲು ಇದರಲ್ಲಿ ಮೂರು ಸಾಲು, ನಾಲ್ಕು ಕಂಬ. ನಕ್ಷತ್ರ, ಸೊನ್ನೆ, ಹ್ಯಾಶ್ ಮೂರೂ ಬಲಗಡೆ ಹೋಗಿ ನಿಂತಿವೆ. ಇಪ್ಪತ್ತು ವರ್ಷದಿಂದ ಎಸ್‌ಟಿಡಿ ಕೋಡ್‌ನ ಸೊನ್ನೆಯನ್ನ ಎಂಟರ ಕೆಳಗೇ ಒತ್ತಿ ಅಭ್ಯಾಸ ಆದವರಿಗೆ ಇದು ಮನೆ ಬಾಗಿಲನ್ನ ಬೇರೆ ಗೋಡೆಗೆ ಇಟ್ಟ ಹಾಗೆ. ಗುಂಡಿ ಫೋನ್ ಕೇಳೋರು ಕೇಳೋದೇ ಕಣ್ಣು ಹಾಕದೆ ಒತ್ತೋದಕ್ಕೆ. ಐದರ ಮೇಲೆ ಒಂದು ಪುಟ್ಟ ಉಬ್ಬು ಇರೋದೂ ಅದಕ್ಕೇ. ಕೊಳ್ಳೋ ಮೊದಲು ಕಣ್ಣು ಮುಚ್ಚಿ ಮನೆ ನಂಬರ್ ಒತ್ತಿ ನೋಡಿ, ಅಂಗಡಿಯವರು ನಕ್ಕರೆ ನಗಲಿ.

ಟಚ್ ಪರದೆಯಲ್ಲೂ ಎರಡು ಜಾತಿ. ಸೆಂಟ್ರೋ ಮತ್ತು ಎಕ್ಸ್3-02ರಲ್ಲಿರೋದು ರೆಸಿಸ್ಟಿವ್: ವಿದ್ಯುತ್ ಹರಿಯೋ ಎರಡು ತೆಳು ಪದರ, ನಡುವೆ ಕೂದಲೆಳೆಯ ಅಂತರ. ಒತ್ತಿದಾಗ ಎರಡೂ ಒಂದಕ್ಕೊಂದು ತಾಗುತ್ತವೆ, ತಾಗಿದ ಜಾಗದ ವೋಲ್ಟೇಜ್ ನೋಡಿ ಬೆರಳು ಎಲ್ಲಿದೆ ಅಂತ ಫೋನ್ ಲೆಕ್ಕ ಹಾಕುತ್ತೆ. ಎರಡನೇ ಸೆಮಿಸ್ಟರ್‌ನ ವೋಲ್ಟೇಜ್ ಡಿವೈಡರ್, ಅಷ್ಟೇ. ಇದಕ್ಕೆ ಉಗುರಾದ್ರೂ ಸರಿ, ಕಡ್ಡಿಯಾದ್ರೂ ಸರಿ, ಒತ್ತಡ ಬಿದ್ದರೆ ಸಾಕು. ಈಗಿನ ಎಲ್ಲ ಫೋನುಗಳಲ್ಲಿರೋದು ಕೆಪ್ಯಾಸಿಟಿವ್. ಗಾಜಿನ ಅಡಿಯ ವಿದ್ಯುತ್ ಕ್ಷೇತ್ರವನ್ನ ಬೆರಳು ಸ್ವಲ್ಪ ಕದಡುತ್ತೆ, ಆ ಬದಲಾವಣೆಯನ್ನ ಅದು ಓದುತ್ತೆ. ಒತ್ತೋದೇ ಬೇಡ, ಹೂವಿನ ಹಾಗೆ ತಾಗಿದ್ರೂ ಆಯ್ತು. ನಮಗೆ ಇದು ಸುಖ. ಆದ್ರೆ ವಯಸ್ಸಾದವರ ಬೆರಳ ತುದಿ ಒಣಗಿರುತ್ತೆ, ದುಡಿದ ಕೈಯಾದ್ರೆ ಚರ್ಮ ದಪ್ಪಗಾಗಿರುತ್ತೆ. ಅಂಥ ಬೆರಳನ್ನ ಕೆಪ್ಯಾಸಿಟಿವ್ ಪರದೆ ಒಂದೊಂದು ಸಲ ಗುರುತಿಸಲ್ಲ. ಅಜ್ಜಿ ಇನ್ನೂ ಜೋರಾಗಿ ಒತ್ತಿ ಹಿಡೀತಾರೆ. ಫೋನ್ ಅದನ್ನ "ಲಾಂಗ್ ಪ್ರೆಸ್" ಅಂದ್ಕೊಂಡು ಬೇರೇನೋ ತೆರೆಯುತ್ತೆ. "ನಂಗೆ ಇದೆಲ್ಲ ಬರಲ್ಲ ಮಗಾ" ಅಂತ ಅವರು ಕೈಬಿಡೋದು ಅಲ್ಲೇ. ಬರದೇ ಇರೋದು ಅಜ್ಜಿಗಲ್ಲ. ಗುಂಡಿ ಒತ್ತಿದ್ರೆ ಒಳಗಿನ ಲೋಹದ ಪುಟ್ಟ ಗುಮ್ಮಟ "ಟಕ್" ಅಂತ ಕುಸಿದು ಮೇಲೇಳುತ್ತೆ, ಒತ್ತಿದ್ದು ಒತ್ತಿತು ಅಂತ ಬೆರಳಿಗೇ ಗೊತ್ತಾಗುತ್ತೆ. ಈ ಒಂದು "ಟಕ್"ಗೋಸ್ಕರ ಗುಂಡಿ ಫೋನ್ ಇನ್ನೂ ಬದುಕಿದೆ.

ಈಗ ಕನ್ನಡಕ್ಕೆ ಬರೋಣ. ಚಿಕ್ಕ ಫೋನಿನ ವಿಮರ್ಶೆಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲ್ಲ, ಆದ್ರೆ ನಮಗೆ ಅತಿ ಹೆಚ್ಚು ಮುಖ್ಯವಾದದ್ದು ಇದೇ.

ಸೆಂಟ್ರೋದಲ್ಲಿ ಕನ್ನಡ ಇಲ್ಲವೇ ಇಲ್ಲ. ಪಾಮ್ ಓಎಸ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ, ಒತ್ತಕ್ಷರ ಜೋಡಿಸೋ ಮಾತು ದೂರವೇ ಉಳೀತು. ಅಷ್ಟು ಚೆಂದದ ಕ್ವರ್ಟಿ ಕೀಲಿಮಣೆ ಇದ್ದೂ ಪ್ರಯೋಜನ ಇಲ್ಲದೆ ಹೋದದ್ದು ಹೊಟ್ಟೆ ಉರಿಸುತ್ತೆ, ಯಾಕಂದ್ರೆ ಕನ್ನಡಕ್ಕೆ ಕ್ವರ್ಟಿ ಅಷ್ಟು ಹೊಂದುತ್ತೆ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದ್ರೆ ನಾವು ನುಡಿಯಲ್ಲಿ ಬಳಸೋದರಲ್ಲಿ, "ಕನ್ನಡ" ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ ಐದೇ ಒತ್ತು. ಒತ್ತಕ್ಷರಕ್ಕೆ ಎಫ್ ಕೊಂಡಿ. ಇದನ್ನೇ ಹನ್ನೆರಡು ಗುಂಡಿಯ ಕೀಪ್ಯಾಡ್‌ಗೆ ಇಳಿಸಿ ನೋಡಿ. ವರ್ಗಕ್ಕೊಂದು ಗುಂಡಿ ಅಂತ ಇಟ್ಕೊಂಡು ನಾವೇ ಲೆಕ್ಕ ಹಾಕಿದ್ವಿ: ಕ-ಗೆ ಒಂದು, ತ ವರ್ಗದ ಕೊನೆಯ ನ-ಗೆ ಐದು, ಕೊಂಡಿಗೆ ಒಂದು, ಮತ್ತೆ ನ-ಗೆ ಐದು, ಟ ವರ್ಗದ ಮೂರನೆಯ ಡ-ಗೆ ಮೂರು. ಒಟ್ಟು ಹದಿನೈದು. ಇಂಗ್ಲಿಷ್ ಅಕ್ಷರದಲ್ಲಿ ಅದೇ ಹೆಸರು ಹತ್ತು ಒತ್ತಿಗೆ ಮುಗಿಯುತ್ತೆ. ನಮ್ಮ ಅಪ್ಪ ಅಮ್ಮಂದಿರ ತಲೆಮಾರು ಎಸ್ಸೆಮ್ಮೆಸ್‌ನಲ್ಲಿ ಕನ್ನಡವನ್ನ ಇಂಗ್ಲಿಷ್ ಲಿಪಿಯಲ್ಲಿ ಬರೆಯೋ ಚಾಳಿ ಕಲಿತದ್ದು ಅಭಿಮಾನ ಕಡಿಮೆಯಾಗಿ ಅಲ್ಲ, ಹೆಬ್ಬೆರಳು ನೋಯ್ತಿತ್ತು.

ದುಡ್ಡಿನ ಲೆಕ್ಕವೂ ಇತ್ತು. ಇಂಗ್ಲಿಷ್ ಎಸ್ಸೆಮ್ಮೆಸ್ ಒಂದರಲ್ಲಿ 160 ಅಕ್ಷರ ಹಿಡಿಯುತ್ತೆ, ಯೂನಿಕೋಡ್ ಕನ್ನಡದಲ್ಲಿ ಬರೆದ್ರೆ 70 ಮಾತ್ರ. ಅದೂ ನಾವು ಎಣಿಸೋ ಅಕ್ಷರ ಅಲ್ಲ. ಸ್ವರಚಿಹ್ನೆ, ಒತ್ತಿನ ಕೊಂಡಿ, ಸೊನ್ನೆ, ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. "ಸ್ತ್ರೀ" ನಮಗೆ ಒಂದಕ್ಷರ, ಫೋನಿಗೆ ಆರು. "ಅಜ್ಜಿ, ನಾವು ನಾಳೆ ಬೆಳಿಗ್ಗೆ ಬೆಂಗಳೂರಿಗೆ ಇಳಿತೀವಿ, ಮಧ್ಯಾಹ್ನ ಊಟಕ್ಕೆ ಮನೆಲಿರ್ತೀವಿ" ಅನ್ನೋ ಒಂಬತ್ತು ಪದದ ಸಂದೇಶ ಎಣಿಸಿದ್ವಿ: 73 ಬಂತು, ಅಂದ್ರೆ ಎರಡು ಎಸ್ಸೆಮ್ಮೆಸ್‌ನ ಖರ್ಚು.

ಭಾರತದಲ್ಲಿ ಮಾರೋ ಫೋನುಗಳಿಗೆ ಐಎಸ್ 16333 ಅನ್ನೋ ಮಾನಕ ಇದೆ. ಅದರ ಮೂರನೇ ಭಾಗದ ಪ್ರಕಾರ 22 ಭಾಷೆಗಳನ್ನೂ ಫೋನ್ ತೋರಿಸಬೇಕು. ಬರೆಯೋದಕ್ಕೆ ಮಾತ್ರ ಇಂಗ್ಲಿಷ್, ಹಿಂದಿ, ಜೊತೆಗೆ ಇನ್ನೊಂದು ಭಾಷೆ ಇದ್ದರೆ ಸಾಕು. ಈ ವ್ಯತ್ಯಾಸ ಗಮನಿಸಿ. ಕನ್ನಡ ಓದೋದು ಖಾತ್ರಿ, ಬರೆಯೋದು ಆ "ಇನ್ನೊಂದು" ಕನ್ನಡವೇ ಆಗಿದ್ರೆ ಮಾತ್ರ. ಇನ್ನು ಅಮೆರಿಕದಲ್ಲಿ ಮಾರೋ ಅಗ್ಗದ ಫೋನಿಗೆ ಈ ಕಟ್ಟಳೆ ಅನ್ವಯಿಸಲ್ಲ, ಕನ್ನಡದ ಬದಲು ಚೌಕಡಬ್ಬಿಗಳ ಸಾಲು ಬಂದರೂ ಕೇಳೋರಿಲ್ಲ. ಹಾಗಾಗಿ ಯಾವುದೇ ಫೋನ್ ಕೊಳ್ಳೋ ಮೊದಲು ಅದಕ್ಕೆ ಮೂರು ಪದ ಕಳಿಸಿ ನೋಡಿ: ಸ್ತ್ರೀ, ಅರ್ಕಾವತಿ, ರ‍್ಯಾಂಕ್. ಮೊದಲನೆಯದರಲ್ಲಿ ಎರಡು ಒತ್ತು ಒಂದರ ಕೆಳಗೊಂದು ಕೂರಬೇಕು. ಎರಡನೆಯದರಲ್ಲಿ ಅರ್ಕಾವೊತ್ತು ಬಲಕ್ಕೆ ಹೋಗಬೇಕು. ಮೂರನೆಯದರಲ್ಲಿ ಹೋಗಬಾರದು, ರ ಪೂರ್ತಿಯಾಗಿ ನಿಲ್ಲಬೇಕು. ಮೂರೂ ಸರಿ ಬಂದ್ರೆ ಆ ಫೋನಿಗೆ ಕನ್ನಡ ಗೊತ್ತು.

ಕ್ಯಾಟ್ ಎಸ್22 ಫ್ಲಿಪ್ ಇಲ್ಲಿ ಪಾಸಾಗುತ್ತೆ. ಅದರೊಳಗಿರೋದು ಆಂಡ್ರಾಯ್ಡ್ 11ರ ಗೋ ಆವೃತ್ತಿ. ಮಡಚಿದ್ರೆ ಸಾಬೂನಿನ ಡಬ್ಬಿ, ಬಿಚ್ಚಿದ್ರೆ 2.8 ಇಂಚಿನ ಟಚ್ ಪರದೆ, ಕೆಳಗೆ ಹಳೇ ಕ್ರಮದ ಅಂಕಿ ಗುಂಡಿಗಳು, ದಿಕ್ಕಿನ ಗುಂಡಿಯೂ ಇದೆ. 2 ಜಿಬಿ ರ‍್ಯಾಮ್, 16 ಜಿಬಿ ಜಾಗ, ಕೈಯಿಂದ ಬಿಚ್ಚಬಹುದಾದ 2000 ಎಂಎಎಚ್ ಬ್ಯಾಟರಿ. ಕರೆ ಮಾಡೋದಕ್ಕೆ ಜಿಗಿತ ಸೊನ್ನೆ. ಕರೆ ಮುಗಿಸೋಕೆ ಫೋನ್ ಟಪ್ ಅಂತ ಮಡಚಿದ್ರೆ ಆಯ್ತು, ಆ ಸುಖವೇ ಬೇರೆ. ಆದ್ರೆ ಆ್ಯಪ್ ತೆರೆದ ಕೂಡಲೇ ಕಥೆ ಬದಲಾಗುತ್ತೆ. ಆ ಆ್ಯಪ್‌ಗಳನ್ನ ಆರು ಇಂಚಿನ ಗಾಜಿನ ಮೇಲೆ ಆಡೋ ಬೆರಳಿಗೆ ಅಂತ ಬರೆದಿರೋದು, ದಿಕ್ಕಿನ ಗುಂಡಿಗೆ ಅಲ್ಲ. ವಾಟ್ಸಾಪ್‌ನಲ್ಲಿ ಕನ್ನಡ ಬರೀಬೇಕಂದ್ರೆ ಪರದೆಯ ಮೇಲಿನ ಕೀಲಿಮಣೆಯನ್ನೇ ಕರೀಬೇಕು. ಅದು 2.8 ಇಂಚಿನಲ್ಲಿ ಅರ್ಧ ಜಾಗ ನುಂಗುತ್ತೆ. ಒಂದೊಂದು ಅಕ್ಷರ ಅಕ್ಕಿಕಾಳಿನಷ್ಟು. ನಮ್ಮ ಪರಿಹಾರ: ಬರೆಯೋದು ಬಿಟ್ಟು ಮಾತಾಡಿ. ಕನ್ನಡ ವಾಯ್ಸ್ ಟೈಪಿಂಗ್ ಇದೆ, ಅದೂ ಬೇಡ ಅಂದ್ರೆ ಧ್ವನಿ ಸಂದೇಶ ಇದ್ದೇ ಇದೆ. ಅಜ್ಜಿಯಂದಿರಂತೂ ಎಂದೋ ಈ ತೀರ್ಮಾನಕ್ಕೆ ಬಂದಿದ್ದಾರೆ.

ಇಷ್ಟೆಲ್ಲ ನೋಡಿದ ಮೇಲೂ ಫೋನ್ ನೆಟ್‌ವರ್ಕ್ ಹಿಡೀದಿದ್ರೆ ಅದು ಬರೀ ಗಡಿಯಾರ. ಇಲ್ಲಿ 2022ರ ಫೆಬ್ರವರಿಯಲ್ಲಿ ಎಟಿ ಅಂಡ್ ಟಿ, ಜುಲೈನಲ್ಲಿ ಟಿ-ಮೊಬೈಲ್, ವರ್ಷದ ಕೊನೆಗೆ ವೆರೈಝನ್ ತಮ್ಮ 3ಜಿ ಮುಚ್ಚಿದ್ವು. ಸೆಂಟ್ರೋ ತನ್ನ ಊರಿನಲ್ಲೇ ಮೂಕವಾದದ್ದು ಹಾಗೆ. ಊರಲ್ಲಿ ಪರಿಸ್ಥಿತಿ ಬೇರೆ: ಏರ್‌ಟೆಲ್ 2ಜಿ ಇನ್ನೂ ಇಟ್ಟುಕೊಂಡಿರೋದ್ರಿಂದ ಆ ಎಕ್ಸ್3-02 ಅಲ್ಲಿ ಇವತ್ತಿಗೂ ಕರೆ ಮಾಡುತ್ತೆ. ಜಿಯೋ ಸಿಮ್ ಹಾಕಿದ್ರೆ ಮಾತ್ರ ಆಗಲ್ಲ, ಜಿಯೋಗೆ 2ಜಿ ಯಾವತ್ತೂ ಇರಲೇ ಇಲ್ಲ. ಆ ಫೋನಿನ ವಾಟ್ಸಾಪ್ 2018ರ ಕೊನೆಗೇ ನಿಂತಿದೆ, ಹಾಗಾಗಿ ಅದರ ಕೆಲಸ ಕರೆಗೆ ಮುಗೀತು.

4ಜಿ ಅಂತ ಡಬ್ಬಿ ಮೇಲೆ ಬರೆದಿದ್ರೂ ಸಾಲದು, ಯಾವ ಬ್ಯಾಂಡ್ ಅಂತ ನೋಡಬೇಕು. ಇಲ್ಲಿ ಟಿ-ಮೊಬೈಲ್‌ಗೆ 2, 4, 66, 12, 71 ಮುಖ್ಯ. ವೆರೈಝನ್‌ಗೆ 13 ಇಲ್ಲದೆ ನಡೆಯಲ್ಲ. ಎಟಿ ಅಂಡ್ ಟಿಗೆ 2, 4, 12 ಬೇಕು. ಊರಲ್ಲಿ ಜಿಯೋ ಓಡೋದು 3, 5, 40ರ ಮೇಲೆ, ಏರ್‌ಟೆಲ್ ಮುಖ್ಯವಾಗಿ 1, 3, 8, 40ರ ಮೇಲೆ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಸಾಮ್ಯ ಎಷ್ಟು ಕಡಿಮೆ ಅಂತ ಕಾಣುತ್ತೆ. ದುಬಾರಿ ಫೋನುಗಳಲ್ಲಿ ಎಲ್ಲ ಬ್ಯಾಂಡೂ ತುಂಬಿರ್ತವೆ, ಅದಕ್ಕೇ ನಮಗೆ ಈ ವಿಷಯ ತಲೆಗೆ ಬಂದಿರಲ್ಲ. ಅಗ್ಗದ ಫೋನಿನಲ್ಲಿ ಕಂಪನಿ ಮೊದಲು ಕತ್ತರಿ ಹಾಕೋದೇ ಇಲ್ಲಿ. 600, 700 ಮೆಗಾಹರ್ಟ್ಸ್‌ನ 71, 12, 13 ಬಿಟ್ಟುಹೋದ್ರೆ ಸ್ಯಾನ್ ಹೋಸೆ ಪೇಟೆಯಲ್ಲಿ ಗೊತ್ತಾಗಲ್ಲ, ಹೈವೇ 17 ಹಿಡಿದು ಸಾಂತಾ ಕ್ರೂಜ್ ಗುಡ್ಡ ಹತ್ತುವಾಗ ಗೊತ್ತಾಗುತ್ತೆ. ಕಡಿಮೆ ತರಂಗಾಂತರ ದೂರ ಹೋಗುತ್ತೆ, ಗೋಡೆ ದಾಟುತ್ತೆ. ಬ್ಯಾಂಡ್ ಹೊಂದಿದ್ರೂ ವೋಲ್ಟಿ ಬೇಕು, ಯಾಕಂದ್ರೆ 3ಜಿ ಹೋದಮೇಲೆ ಮಾತು ಸಾಗೋದು 4ಜಿ ಮೇಲೇ. ಎಟಿ ಅಂಡ್ ಟಿಯಂತೂ ತಾನು ಒಪ್ಪಿದ ಮಾಡೆಲ್‌ಗಳ ಪಟ್ಟಿ ಇಟ್ಟುಕೊಂಡಿದೆ, ಅದರಲ್ಲಿಲ್ಲದ ಫೋನಿಗೆ ಕರೆ ಇಲ್ಲ. ಎಮರ್ಜೆನ್ಸಿಯಲ್ಲಿ 911 ಹೋಗುತ್ತೋ ಇಲ್ಲವೋ ಅನ್ನೋ ಪ್ರಶ್ನೆ ಇದು, ಆದ್ದರಿಂದ ಹಗುರವಾಗಿ ತಗೋಬೇಡಿ. ಫೋನಿನಲ್ಲಿ *#06# ಒತ್ತಿದ್ರೆ ಐಎಂಇಐ ಸಂಖ್ಯೆ ಬರುತ್ತೆ. ಅದನ್ನ ನಿಮ್ಮ ನೆಟ್‌ವರ್ಕ್‌ನವರ ಪುಟದಲ್ಲಿ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ. ಸೆಕೆಂಡ್‌ಹ್ಯಾಂಡ್ ಆದ್ರೆ ಅನ್‌ಲಾಕ್ ಆಗಿದೆಯಾ ಅಂತಲೂ ಕೇಳಿ.

ಹಾಗಾದ್ರೆ ಯಾವುದು ತಗೋಬೇಕು? ಊರಿನ ಅಜ್ಜಿಗೆ ಇಲ್ಲಿಂದ ಫೋನ್ ಒಯ್ಯಬೇಡಿ ಅನ್ನೋದೇ ನಮ್ಮ ಸ್ಪಷ್ಟ ಮಾತು. ಬ್ಯಾಂಡ್, ಕನ್ನಡ, ರಿಪೇರಿ ಮೂರರಲ್ಲೂ ಊರಿನ ಪೇಟೆಯದೇ ವಾಸಿ. ಹಾಸನವೋ ಹಾವೇರಿಯೋ, ಅಲ್ಲಿನ ಅಂಗಡಿಯಲ್ಲಿ ವೋಲ್ಟಿ ಇರೋ, ದೊಡ್ಡ ಗುಂಡಿಯ 4ಜಿ ಫೋನ್ ಕೊಡಿಸಿ, ಟಚ್ ಇಲ್ಲದಿದ್ರೂ ಚಿಂತೆಯಿಲ್ಲ. ಹಣ ಕಳಿಸೋ ಕೆಲಸಕ್ಕೆ ಸ್ಮಾರ್ಟ್‌ಫೋನೇ ಬೇಕು ಅಂತೇನಿಲ್ಲ. ಸಾದಾ ಫೋನಿನಿಂದ ಕರೆ ಮಾಡಿ ಯುಪಿಐ ನಡೆಸೋ 123ಪೇ 2022ರ ಮಾರ್ಚ್‌ನಿಂದ ಇದೆ. ಮುಖ ನೋಡಿ ಮಾತಾಡೋದಕ್ಕೆ ಮನೆಯಲ್ಲಿ ಯಾರದಾದ್ರೂ ದೊಡ್ಡ ಪರದೆ ಇದ್ದೇ ಇರುತ್ತೆ.

ನಿಮಗೇ ಬೇಕಂದ್ರೆ ಎಸ್22 ಫ್ಲಿಪ್‌ನಂಥದ್ದು ಸರಿ, ಎರಡನೇ ಫೋನಾಗಿ. ಮೊದಲನೆಯದಾಗಿ ಅಲ್ಲ. ಅದನ್ನ ತಯಾರಿಸ್ತಿದ್ದ ಬುಲಿಟ್ ಕಂಪನಿ 2024ರ ಆರಂಭದಲ್ಲಿ ಬಾಗಿಲು ಹಾಕಿತು, ಅಂದ್ರೆ ಸೆಕ್ಯುರಿಟಿ ಅಪ್‌ಡೇಟ್ ಕೇಳೋಕೆ ಯಾರೂ ಇಲ್ಲ. ಬ್ಯಾಂಕ್ ಆ್ಯಪ್ ಅದರಲ್ಲಿ ಹಾಕಬೇಡಿ. ಯೂನಿವರ್ಸಿಟಿ ಲಾಗಿನ್‌ನ ಡ್ಯೂಯೋ ದೊಡ್ಡ ಫೋನಿನಲ್ಲೇ ಇರಲಿ, ಇಲ್ಲವೇ ಕೀ ಗೊಂಚಲಿಗೆ ಹಾಕ್ಕೊಳ್ಳೋ ಟೋಕನ್ ಸಿಗುತ್ತಾ ಅಂತ ಕ್ಯಾಂಪಸ್ ಐಟಿಯವರನ್ನ ಕೇಳಿ. ಕ್ಲಿಪರ್‌ಗೆ ಪ್ಲಾಸ್ಟಿಕ್ ಕಾರ್ಡ್ ತಗೊಂಡ್ರೆ ಕ್ಯಾಲ್‌ಟ್ರೇನ್, ಬಾರ್ಟ್ ಎರಡಕ್ಕೂ ಆಯ್ತು. ಇಂಡಿಯಾ ಸಿಮ್ ಅನ್ನ ಪುಟ್ಟ ಫೋನಿಗೆ ಹಾಕೋ ಯೋಚನೆ ಇದ್ದರೆ ಒಂದು ಮಾತು: ಯುಪಿಐ ಆ್ಯಪ್ ಶುರುವಿನಲ್ಲಿ ಅದೇ ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ನಂಬರ್ ಖಾತ್ರಿ ಮಾಡಿಕೊಳ್ಳುತ್ತೆ, ಆದ್ದರಿಂದ ಸಿಮ್ ಬೇರೆ ಕಡೆ ಹಾಕೋ ಮೊದಲು ಆ ಕೆಲಸ ದೊಡ್ಡ ಫೋನಿನಲ್ಲಿ ಮುಗಿಸಿಕೊಳ್ಳಿ.

ಸೆಂಟ್ರೋ? ಅದನ್ನ ಕೊಳ್ಳಿ ಅಂತ ಹೇಳೋಕಾಗಲ್ಲ. ಪಾಮ್ ಕಂಪನಿಯನ್ನ ಎಚ್‌ಪಿ 2010ರಲ್ಲಿ 120 ಕೋಟಿ ಡಾಲರ್‌ಗೆ ಕೊಂಡಿತು, ಮುಂದಿನ ವರ್ಷವೇ ಆ ಫೋನುಗಳ ಕಥೆ ಮುಗೀತು. ಆದ್ರೆ ಎಲ್ಲಾದ್ರೂ ಗರಾಜ್ ಸೇಲ್‌ನಲ್ಲಿ ಸಿಕ್ಕರೆ ಐದು ನಿಮಿಷ ಕೈಲಿಡ್ಕೊಂಡು, ವಿಳಾಸಪಟ್ಟಿಯಲ್ಲಿ ಒಂದು ಹೆಸರು ಹುಡುಕಿ ನೋಡಿ. ಬೆರಳು ಎಷ್ಟು ಸಲ ಜಿಗೀತು ಅಂತ ಎಣಿಸೋದು ಮಾತ್ರ ಮರೀಬೇಡಿ.